ಮಾಸ್ತರ್ರ ಇಪ್ಪತ್ನಾಕು ಮಾತು, ಅವರವ್ವನ ಕಾವಲು

ರಾಯಚೂರಿನಾಗ ನಂದೊಂದು ಮೊಬೈಲ್ ರಿಪೇರಿ ಅಂಗಡಿ ಅದ. ಮಂದಿ ಒಡೆದ ಮೊಬೈಲಷ್ಟೇ ತರ್ತಾರಂತ ತಿಳ್ಕೊಬ್ಯಾಡ್ರಿ, ಗುಟ್ಟೂ ಹೊತ್ಕೊಂಡು ಬರ್ತಾರ. ಮಾನ್ವಿ ಸಾಲಿ ಮಾಸ್ತರ್ ಒಬ್ಬರು ತಂದ ಗುಟ್ಟು ಮಾತ್ರ ಸಾಯೋತನಕ ಮರೆಯಂಗಿಲ್ಲ.

೧. ನನ್ನ ಅಂಗಡಿ, ನಾನೇ ಹೊರಗ

ಅವರವ್ವಗೊಂದು ಮನಿ ಕಟ್ಟಿಸಬೇಕಂತ ಮಾಸ್ತರ್ರು ಕ್ರಿಪ್ಟೋ ನಾಣ್ಯ ಕೂಡಿಸಿಟ್ಟಿದ್ರು. ಅದರ ಬೀಗ ಪೆನ್‌ಡ್ರೈವ್‌ನಂಥ ಸಣ್ಣ ಡಬ್ಬಿಯಾಗ. ಡಬ್ಬಿ ಕೆಟ್ರ ಇಪ್ಪತ್ನಾಕು ಇಂಗ್ಲಿಷ್ ಮಾತು ಸಾಲಾಗಿ ಹೊಡದ್ರ ಎಲ್ಲಾ ವಾಪಸ್ ಬರ್ತದ. ಆ ಮಾತು ಕಳದ್ರ ನಾಣ್ಯ ಹೋದಂಗ, ಇನ್ನೊಬ್ಬರಿಗೆ ಗೊತ್ತಾದ್ರೂ ಹೋದಂಗ.

ಹೊಸ ಡಬ್ಬಿ ಚಾಲೂ ಮಾಡಿ ಆ ಮಾತು ಕಾಗದದಾಗ ಬರಕೊಳ್ಳಾಕ ಬಂದಿದ್ರು. ಡಬ್ಬಿ ನನ್ನ ಕಂಪ್ಯೂಟರಿಗೆ ಹಚ್ಚಿದವ್ರೇ, "ಸಾಹುಕಾರ್ರ, ಒಂದೀಟು ಹೊರಗ ನಿಂದ್ರಿ" ಅಂದ್ರು.

"ಇದು ನನ್ನ ಅಂಗಡಿ ರೀ!"

"ಅಂಗಡಿ ನಿಮ್ದು, ಮಾತು ನಂದಲ್ಲೇನ್ರಿ?"

ರಾಯಚೂರು ಬಿಸಲಾಗ ಅರ್ಧ ತಾಸು ನಿಂತೆ. ಒಳಗ ಬಂದ್ರ, "ಮೂರು ಗಿರಾಕಿ ಹಿಂದಿನ ಬಾಗಲಿಂದ ಬಂದಿದ್ರು. ಅವರ್ನೂ ಹೊರಗ ಕಳಿಸೀನಿ, ನೀವೇನು ಚಿಂತಿ ಮಾಡಬ್ಯಾಡ್ರಿ" ಅಂದ್ರು.

೨. ಹಗೇವಿನ ಬಾಯಿ

ಮುಂದೊಂದಿನ ಡಬ್ಬಿ ಮಾರಿದ ಕಂಪನಿಯವ್ರು ಸುದ್ದಿ ಕಳಿಸಿದ್ರು: ನಿಮ್ಮ ಮಾತು ಮೂರು ತುಂಡು ಮಾಡಿ ಮೂರು ಕಡಿ ಕಾದಿಡ್ತೀವಿ, ಮರೆತ್ರ ಆಧಾರ್ ತೋರ್ಸಿ, ಕ್ಯಾಮೆರಾ ಮುಂದ ಮಾರಿ ಆ ಕಡಿ ಈ ಕಡಿ ತಿರುವ್ರಿ, ವಾಪಸ್ ಕೊಡ್ತೀವಿ.

"ತಗೊಂಡು ಆರಾಮಿರ್ರಿ" ಅಂದೆ ನಾನು.

ಗಬ್ಬೂರಿಂದ ಬಂದಿದ್ದ ಅವರವ್ವ ಸ್ಟೂಲ್ ಮ್ಯಾಲ ಕುಂತಿದ್ಲು. ಅಕ್ಷರ ಬರಂಗಿಲ್ಲ, ಕೂಲಿ ಮಾಡಿ ಮಗನ್ನ ಮಾಸ್ತರ್ ಮಾಡಿದಾಕಿ.

"ಯಪ್ಪಾ, ಮಾತು ಡಬ್ಬಿ ಬಿಟ್ಟು ಹೊರಗ ಬರಂಗೇ ಇಲ್ಲಂತ ಹೇಳಿ ಮಾರಿದ್ರಲ್ಲ?"

"ಹೌದವ್ವಾ."

"ಹಂಗಾರ ಈಗ ಹೆಂಗ ತಗೀತಾರ? ನೆಲದಾಗ ಜ್ವಾಳ ತುಂಬಿಡೋ ಹಗೇವಿಗೆ ಬಾಯೇ ಇಲ್ಲಂತ ಹೇಳಿ, ಈಗ ಜ್ವಾಳ ತಗದು ಕೊಡ್ತೀವಿ ಅಂದ್ರ, ಬಾಯಿ ಮೊದಲೇ ಇತ್ತಲ್ಲಪಾ!"

ಇಷ್ಟು ವರ್ಷ ಮೊಬೈಲ್ ಬಿಚ್ಚಿದ ನನಗ ಇದು ಹೊಳೀಲಿಲ್ಲ ನೋಡ್ರಿ. ಭಲೇ ಮುದುಕಿ ಅನ್ನಿಸ್ತು. "ಯವ್ವಾ, ನೀನೇ ನನ್ನ ಅಂಗಡ್ಯಾಗ ಕುಂದ್ರು" ಅಂದೆ.

"ಕುಂದ್ರತೀನಿ. ನೀ ಹೊರಗ ನಿಂದ್ರಬೇಕಾಗ್ತದ" ಅಂದ್ಲು.

೩. ನಾಟಿ ಹಾಡು

ಮಾತು ಬರೆದ ಕಾಗದ ಟ್ರಂಕಿನಾಗಿತ್ತು. ಅವ್ವಗ ಅದೂ ಬ್ಯಾಡ. "ಕಾಗದ ಒರಲಿ ತಿಂತದ. ಕನ್ನಡದಾಗ ಹೇಳು, ತೆಲ್ಯಾಗ ಇಟ್ಕೊಂತೀನಿ" ಅಂದ್ಲು. ಮಾಸ್ತರ್ರು ಎಮ್ಮಿ, ಆಡು, ಕಸಬರಿಗಿ ಅಂತ ಅರ್ಥ ಹೇಳ್ಕೋತ ಹೋದ್ರು, ಆಕಿ ಭತ್ತದ ನಾಟಿ ಹಾಡಿನ ದಾಟಿಗೆ ಪೋಣಿಸ್ಕೋತ ಹೋದ್ಲು.

ಎರಡ ತಿಂಗಳಿಗೆ ಒರಲಿ ಖರೇನ ಕಾಗದ ತಿಂತು. ಅದೇ ವಾರ ಮಾಸ್ತರ್ರು ಮೂರು ಸಲ ತಪ್ಪು ಪಿನ್ ಒತ್ತಿ ಡಬ್ಬಿ ಖಾಲಿ ಮಾಡ್ಕೊಂಡ್ರು. ಉಳಿದಿದ್ದು ಅವ್ವನ ಹಾಡೊಂದೇ. ಇಬ್ಬರೂ ಬೈಕ್ ಹತ್ತಿ ಗಬ್ಬೂರಿಗೆ ಹೊಂಟ್ವಿ.

ಊರು ಇನ್ನೂ ದೂರಿತ್ತು. ಗದ್ದಿಯಾಗ ಇಪ್ಪತ್ತು ಮಂದಿ ಹೆಣ್ಮಕ್ಕಳು ನಾಟಿ ಹಚ್ಚಾಕತ್ತಿದ್ರು. ಹಾಡೇನು? "ಎಮ್ಮಿ ಬಂತ, ಆಡು ಬಂತ, ಕಸಬರಿಗಿ ತರ್ರೆವ್ವಾ..."

ಮಾಸ್ತರ್ರು ಬೈಕಿಂದ ಬೀಳೋದೊಂದು ಬಾಕಿ. "ಸಾಹುಕಾರ್ರ, ನನ್ನ ಗುಟ್ಟು ಕೋರಸ್‌ನಾಗ ಹಾಡಾಕತ್ತಾರ್ರೀ!"

೪. ಚಟ್ನಿ ಲೆಕ್ಕ

ಮಾಸ್ತರ್ರು ಬದುವಿನ ಮ್ಯಾಲ ಕುಂತು, ಹೆಣ್ಮಕ್ಕಳು ಹಾಡಿದಂಗ ಇಪ್ಪತ್ನಾಕೂ ಇಂಗ್ಲಿಷಿಗೆ ತಿರುಗಿಸಿ ಹೊಡದ್ರು. ಡಬ್ಬಿ ತಪ್ಪು ಅಂತು. ಮತ್ತ ಹೊಡದ್ರು, ಮತ್ತ ತಪ್ಪು.

ಮನಿ ಮುಟ್ಟಿದವ್ರೇ ಅಳಾಕ ನಿಂತ್ರು. "ಯವ್ವಾ, ಊರಿಗೆಲ್ಲಾ ಹೇಳೀದಿ, ಅದನ್ನೂ ತಪ್ಪು ಹೇಳೀದಿ. ನಿನ್ನ ಮನಿ ಹೋತು ಬೇ!"

"ದಿನಾ ಹಾಡದಿದ್ರ ಹಾಡು ಮರಿತದಲೇ. ನಾಟಿಯಾಗ ಒಬ್ಬಾಕಿ ಹಾಡಿದ್ರ ಎಲ್ಲಾರೂ ಎತ್ಕೊಂತಾರ, ಬ್ಯಾಡ ಅನ್ನಾಕ ಬರ್ತದೇನು? ಅದಕ್ಕ ಎರಡು ಮಾತು ಅದಲು ಬದಲು ಮಾಡಿ ಹಾಡೀನಿ. ಓಣ್ಯಾಗಿನವ್ರಿಗೆಲ್ಲಾ ಶೇಂಗಾ ಚಟ್ನಿ ಹೇಳಿಕೊಟ್ಟೀನಿ, ಒಂದು ಸಾಮಾನು ಬಿಟ್ಟು. ಇವತ್ತಿಗೂ ಒಬ್ಬಾಕಿಗೂ ನನ್ನ ರುಚಿ ಬಂದಿಲ್ಲ."

ನಾ ನಿಂತಲ್ಲೇ ಕೈ ಮುಗದೆ. ಯಾವ ಕಂಪನಿಗೆ ಬರ್ತದ್ರಿ ಇಂಥ ತೆಲಿ?

ಮಾಸ್ತರ್ರು ಕಣ್ಣೊರಿಸ್ಕೊಂಡು, "ಯಾವ ಎರಡು ಮಾತು, ಲಗೂನ ಹೇಳು ಬೇ" ಅಂದ್ರು.

ಅವ್ವ ಸೆರಗು ಸರಿ ಮಾಡ್ಕೊಂಡು, ಮಗನ್ನ ಮ್ಯಾಲಿಂದ ಕೆಳಗಿನತನಕ ನೋಡಿದ್ಲು.

"ಹೇಳ್ತೀನಿ. ಮೊದಲ ಆಧಾರ್ ತೋರ್ಸು. ಆಮ್ಯಾಲ ಮಾರಿ ಆ ಕಡಿ ಈ ಕಡಿ ತಿರುವು."