ಬಗ್ಗಿದರೆ ಹಾರಿಸುವ ಹಲಗೆ

"ಇನ್ಮೇಲೆ ನಮ್ಮ ನಿವಿ ಬಿದ್ರೆ ಕೇಳು," ಎಂದು ನಮ್ಮವರು ಊಟದ ಮೇಜಿನ ಮೇಲೆ ತಾವೇ ಮಾಡಿದ ಹೊಸ ಸ್ಕೇಟ್‌ಬೋರ್ಡ್ ಇಟ್ಟರು. ದಾವಣಗೆರೆಯಲ್ಲಿ ಮೋಟರುಗಳಿಗೆ ವೈಂಡಿಂಗ್ ಮಾಡುವ ಮನುಷ್ಯ, ಅಷ್ಟನ್ನೇ ಮಾಡಿಕೊಂಡಿದ್ದರೆ ನಾನು ಸುಖವಾಗಿರುತ್ತಿದ್ದೆ.

ನಿವೇದಿತಾ ನಮ್ಮ ಮಗಳು, ಪಿಯುಸಿ ಓದುತ್ತಾಳೆ. ಸ್ಕೇಟ್‌ಬೋರ್ಡಿನಲ್ಲಿ ಮೊದಲು ಕಲಿಯಬೇಕಾದ ನೆಗೆತಕ್ಕೆ 'ಆಲಿ' ಅಂತಾರೆ. ಮೊಣಕಾಲು ಬಗ್ಗಿಸಿ, ಹಲಗೆಯ ಹಿಂತುದಿಯನ್ನು ನೆಲಕ್ಕೆ ಒದ್ದು, ಹಲಗೆ ಸಮೇತ ಮೇಲೇಳಬೇಕು. ಹೋದ ಬೇಸಿಗೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಅವಳು ಬಗ್ಗುತ್ತಾಳೆ, ಹಾಗೇ ಎದ್ದು ನಿಲ್ಲುತ್ತಾಳೆ. ಭಾನುವಾರ ಊರಿನ ತಂಡಕ್ಕೆ ಆಯ್ಕೆ. ಆಲಿ ಬಾರದವರಿಗೆ ಜಾಗವಿಲ್ಲ. ಹುಡುಗಿ ಅನ್ನ ಬಿಟ್ಟು ಕೂತಿದ್ದಳು.

"ಇದಕ್ಕೆ ಕಣ್ಣೈತೆ. ನೋಡಿ ನೋಡಿ ಕಲೀತೈತೆ. ಮೊಣಕಾಲು ಬಗ್ಗಿದ್ದು ಕಂಡ್ರೆ ಸಾಕು, ಓಡಿಬಂದು ಕಾಲಡಿ ಸೇರಿ ಹಾರಿಸ್ತೈತೆ," ಎಂದರು ನಮ್ಮವರು.

"ಓಡಿಬರೋದು ಯಾಕ್ರೀ?"

"ಅವಳು ಹೆದರಿ ಇಳಿದುಬಿಟ್ರೆ? ಅದಕ್ಕೆ."

"ಯಾರ ಮೊಣಕಾಲು ಅಂತ ಹೇಳಿದ್ದೀರಾ?"

ನಮ್ಮವರು ನೀರು ಕುಡಿದರು.

ಅಷ್ಟರಲ್ಲಿ ನಿವಿ, ಹೊಸ ಹಲಗೆ ಹತ್ತುವ ಮುಂಚೆ ಅಲ್ಲೇ ಕೂತಿದ್ದ ಅಜ್ಜಿಯ, ಅಂದರೆ ನಮ್ಮತ್ತೆಯ, ಕಾಲು ಮುಟ್ಟಲು ಬಗ್ಗಿದಳು. ಹಲಗೆ ಮೇಜಿನಿಂದ ಧುಮುಕಿತು. ಮರುಕ್ಷಣ ಹುಡುಗಿ ಗಾಳಿಯಲ್ಲಿ ಹೋಗಿ ದಿವಾನಿನ ಮೇಲೆ ಬಿದ್ದಿದ್ದಳು. ಅತ್ತೆಯ ಆಶೀರ್ವಾದದ ಕೈ ಎತ್ತಿದಲ್ಲೇ ಇತ್ತು.

"ಎತ್ಲಾಗೆ ಹೋದ್ಲು ಇವ್ಳು?"

ಮರುದಿನ ರಂಗೋಲಿ ಹಾಕಲು ಬಗ್ಗಿದ ನಾನು ಎದುರು ಮನೆಯವರ ಅಂಗಳದಲ್ಲಿದ್ದೆ. ಹಾಲಿನ ಪ್ಯಾಕೆಟ್ ಇಡಲು ಬಗ್ಗಿದ ಬಸಣ್ಣ ಕಾಂಪೌಂಡು ದಾಟಿದ. "ನಾಳೆಯಿಂದ ಗೇಟಿಗೇ ನೇತುಹಾಕ್ತೀನಿ ಅಕ್ಕಾರೆ," ಎಂದು ಆಚೆಯಿಂದಲೇ ಕೂಗಿದ. ನಿಲ್ಲಿಸೋಣವೆಂದರೆ ಸ್ವಿಚ್ಚು ಇರುವುದು ಹಲಗೆಯ ಹೊಟ್ಟೆಯಡಿ. ಬಗ್ಗದೆ ಕೈ ಎಟುಕದು! ನಮ್ಮವರು ಬಗ್ಗಿ ನೋಡಿದರು. ಅವರನ್ನು ಅಟ್ಟದಿಂದ ಇಳಿಸಲು ಏಣಿ ತರಬೇಕಾಯಿತು.

ಅಂದಿನಿಂದ ಮನೆಯಲ್ಲಿ ಯಾರೂ ಬಗ್ಗುವಂತಿಲ್ಲ ಎಂದಾಯಿತು. ಬಿದ್ದ ಚಮಚ ಬಿದ್ದಲ್ಲೇ. ಅತ್ತೆಯ ಕಾಲು ಮುಟ್ಟುವವರೂ ಇಲ್ಲ.

"ಹಲಗೆ ಬಂತು, ಮರ್ಯಾದೆ ಹೋತು," ಎಂದು ಅತ್ತೆ ಮುಖ ತಿರುಗಿಸಿ ಕೂತರು.

ನಿವಿ ಮಾತ್ರ ಮರೆತು ಮರೆತು ಬಗ್ಗುತ್ತಿದ್ದಳು, ಹಾರುತ್ತಿದ್ದಳು. ಶನಿವಾರದ ಹೊತ್ತಿಗೆ ಕೈಯಲ್ಲಿದ್ದ ಕಾಫಿ ಚೆಲ್ಲದಂತೆ ಕಾಲ ಮೇಲೇ ಇಳಿದಳು.

"ಬಂತಲ್ಲೇ ಆಲಿ!"

"ಅದು ಹಾರಿಸ್ತಮ್ಮಾ, ನಾನಲ್ಲ. ತಾನಾಗೇ ಹಾರೋ ಇದನ್ನ ನಾಳೆ ಆಯ್ಕೆಗೆ ಒಯ್ಯೋ ಹಂಗಿಲ್ಲ," ಎಂದು ಕಣ್ಣು ತುಂಬಿಕೊಂಡಳು. ಅವಳಪ್ಪ ಹಲಗೆಯ ಮೇಲೆ ಗೋಣಿಚೀಲ ಎಸೆದರು. ಕಣ್ಣು ಮುಚ್ಚಿದ್ದೇ ಅದು ಸುಮ್ಮನಾಯಿತು. ಕಟ್ಟಿ ಇಟ್ಟೆವು. ಇಷ್ಟು ಸುಲಭವಿತ್ತು ಎಂದು ನಾನು ಆಮೇಲೆ ಬಯ್ದದ್ದು ಬೇರೆ ಮಾತು.

ಭಾನುವಾರ ಪಾರ್ಕಿನಲ್ಲಿ ನಿವಿ ತನ್ನ ಹಳೆಯ ಹಲಗೆ ಹತ್ತಿದಳು. ನೆಲದಲ್ಲಿಟ್ಟ ಬಿದಿರುಕೋಲನ್ನು ದಾಟಬೇಕು. ಬಗ್ಗಿದಳು, ಎದ್ದು ನಿಂತಳು. ಮತ್ತೆ ಬಗ್ಗಿದಳು, ಮತ್ತೆ ಹಾಗೇ. ಇನ್ನೊಂದೇ ಅವಕಾಶ ಎಂದರು. ನಾನು ಸೆರಗು ಕಚ್ಚಿಕೊಂಡೆ.

ಕೋಲಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆಗೆ ಇನ್ನು ತಡೆಯಲಾಗಲಿಲ್ಲ.

"ಮನೆ ಬಿಡುವಾಗ ನನ್ನ ಕಾಲು ಮುಟ್ಟಿದ್ಯೇನೇ ನೀನು?"

ಉರುಳಿ ಬರುತ್ತಿದ್ದ ನಿವಿ ಗಾಬರಿಯಾಗಿ ಅಜ್ಜಿಯ ಪಾದಕ್ಕೆ ಕೈ ಚಾಚಿ ಬಗ್ಗಿದಳು. ವಾರವಿಡೀ ಬಗ್ಗಿದಾಗಲೆಲ್ಲ ಹಾರಿದ ಕಾಲುಗಳು ತಾವಾಗೇ ಒದ್ದವು. ಹಿಂತುದಿ ನೆಲಕ್ಕೆ ಬಡಿಯಿತು, ಹಲಗೆ ಅವಳೊಡನೆ ಮೇಲೆದ್ದಿತು, ಕೋಲು ದಾಟಿ ಆಚೆ ಇಳಿಯಿತು. ಅವಳಿಗೇ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮವರು ಅಳುತ್ತಿದ್ದರು, ನಾನೂ.

ಆಯ್ಕೆಯಾದಳು. ಅದೇನೋ ಹೊಸ ಪಟ್ಟು ಎಂದು ತಿಳಿದ ಉಳಿದ ಹುಡುಗರೂ ಸಾಲಾಗಿ ಬಂದು ಅತ್ತೆಯ ಕಾಲು ಮುಟ್ಟಿ ಹಾರಿದರು. ಅತ್ತೆ ಈಗ ಸಂಜೆ ಮನೆಯಲ್ಲಿರುವುದಿಲ್ಲ, ಪಾರ್ಕಿನಲ್ಲಿರುತ್ತಾರೆ.

ಆ ಭಾನುವಾರ ಮನೆಗೆ ಬಂದು ಚೀಲ ಬಿಚ್ಚಿದರೆ, ಆ ಹಲಗೆ ನೇರ ಅತ್ತೆಯ ಬಳಿ ಉರುಳಿತು. ಮೂತಿಯನ್ನು ಅವರ ಪಾದಕ್ಕೆ ತಾಗಿಸಿ, ಬಾಲ ಎತ್ತಿ ನಿಂತಿತು. ಅತ್ತೆ ಕರಗಿಹೋದರು. "ನೂರು ವರ್ಷ ಬಾಳಪ್ಪಾ," ಎಂದುಬಿಟ್ಟರು.

ನಮ್ಮವರ ಯಂತ್ರ ಯಾವುದೂ ಇದುವರೆಗೆ ವಾರಕ್ಕಿಂತ ಹೆಚ್ಚು ಬಾಳಿದ್ದಿಲ್ಲ. ಇದರ ಬ್ಯಾಟರಿ ತೆಗೆದು ಎಷ್ಟೋ ದಿನವಾಯಿತು. ಇನ್ನೂ ಓಡಾಡಿಕೊಂಡಿದೆ.