ಮೂವತ್ತೆಂಟು ಕಿಲೋ ಭರ್ತಿ ಪ್ರಕರಣ

ಸನ್ ೨೦೦೭, ಫೆಬ್ರುವರಿ ಹನ್ನೆರಡು, ಸೋಮವಾರ ಮುಂಜಾನೆ ಹತ್ತು ಗಂಟೆ ಐದು ನಿಮಿಷಕ್ಕೆ ಹೊಳೆಹಟ್ಟಿ ಬಾಲವಾಡಿಯ ಟೀಚರ್ ರೂಪಾಲಿಯ ಊಟಕ್ಕೆ ಮತ್ತೆ ಅಡ್ಡಿ ಬಂದಿತು. ಬಾಯಲ್ಲಿದ್ದ ತುತ್ತನ್ನು ಅವಳು ಹತ್ತೊಂಬತ್ತು ಸಲ ಅಗಿದಿದ್ದಳು. ಇನ್ನೂ ಹದಿಮೂರು ಸಲ ಬಾಕಿಯಿತ್ತು.

"ಈ ಊರಾಗ ಸತ್ತವರನ್ನರ ಸಮಾಧಾನದಿಂದ ಮಲಗಾಕ ಬಿಡ್ತಾರ. ಉಣ್ಣಾವರನ್ನ ಬಿಡೂದಿಲ್ಲ ನೋಡ್ರಿ," ಎಂದಳು, ತುತ್ತನ್ನು ಒಂದು ಕೆನ್ನೆಗೆ ಸರಿಸಿ.

ಬಂದವನು ಹುಕ್ಕೇರಿಯ ತೂಕಾಭಿವೃದ್ಧಿ ಕಚೇರಿಯ ಮೇಲ್ವಿಚಾರಕ ಮಾಲಿಂಗಪ್ಪ. ಬಾಲವಾಡಿ ಮಕ್ಕಳ ತೂಕ ಏರುವಂತೆ ನೋಡಿಕೊಳ್ಳುವುದು ಆ ಕಚೇರಿಯ ಕೆಲಸ. ಅವನು ಚಪ್ಪಲಿ ಬಿಟ್ಟು, ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕೂತು, ಚೀಲದಿಂದ ಒಂದು ಕಾಗದ ತೆಗೆದು ಓದಿದ: "ತಮ್ಮ ಕೇಂದ್ರದಲ್ಲಿ ಇರಬೇಕಾದ ತೂಕಕ್ಕಿಂತ ಮೂವತ್ತೆಂಟು ಕಿಲೋ, ಅಂದರೆ ಸುಮಾರು ಎರಡೂವರೆ ಮಕ್ಕಳು, ಕಡಿಮೆ ಬಿದ್ದಿರುವುದು ಕಂಡುಬಂದಿದೆ. ಸದರಿ ಎರಡೂವರೆ ಮಕ್ಕಳು ಎಲ್ಲಿದ್ದಾರೆಂಬುದನ್ನು ಕೂಡಲೇ ತಿಳಿಸತಕ್ಕದ್ದು."

ರೂಪಾಲಿ ತುತ್ತನ್ನು ಮತ್ತೆ ಒಂದರಿಂದ ಎಣಿಸತೊಡಗಿದಳು. ನಡುವೆ ಮಾತಾಡಿದರೆ ಎಣಿಕೆ ಮೊದಲಿನಿಂದ ಎಂದು ಪುಣೆಯ ಡಾಕ್ಟರರು ಹೇಳಿದ್ದರು.

ಈ ಡಾಕ್ಟರರ ಸಂಗತಿ ಹೀಗಿದೆ. ಮಗಳು ಮಯೂರಿ ಹುಟ್ಟಿದ ಮೇಲೆ ರೂಪಾಲಿಯ ತೂಕ ಏರುತ್ತ ನೂರಾ ಹದಿನಾಲ್ಕು ಕಿಲೋಕ್ಕೆ ಬಂದು ನಿಂತಿತು. ಸಕ್ಕರೆ ಕಾಯಿಲೆ ಬಂತು. ಮಕ್ಕಳ ಜತೆ ನೆಲಕ್ಕೆ ಕೂತರೆ ಎಬ್ಬಿಸಲು ಅಡುಗೆಯ ಯಮನವ್ವ ಒಂದು ಕೈ, ಬಾಗಿಲ ಚೌಕಟ್ಟು ಒಂದು ಕೈ ಕೊಡಬೇಕಾಗುತ್ತಿತ್ತು. ಅದೇ ಹೊತ್ತಿಗೆ ಪುಣೆಯ ಒಂದು ದೊಡ್ಡ ದವಾಖಾನೆಗೆ ಹೊಟ್ಟೆ ಸಣ್ಣ ಮಾಡುವ ಹೊಸ ಯಂತ್ರ ಬಂದಿತ್ತು. ಯಂತ್ರ ಬಂದಿತ್ತೇ ಹೊರತು ಹೊಟ್ಟೆಗಳು ಬಂದಿರಲಿಲ್ಲ. ಆದ್ದರಿಂದ ಮೊದಲ ಹತ್ತು ಹೊಟ್ಟೆಗಳಿಗೆ ಪುಕ್ಕಟೆ ಎಂದು ಸಾರಲಾಯಿತು. ರೂಪಾಲಿಯದು ಏಳನೆಯ ಹೊಟ್ಟೆ.

ಕಳೆದ ಜುಲೈನಲ್ಲಿ ಅವಳು ಮನೆಗೆ ಬಂದಾಗ ಊರು ತನ್ನ ರಿವಾಜಿನ ಪ್ರಕಾರ ನಡೆದುಕೊಂಡಿತು. ಹೊಟ್ಟೆ ಕೊಯ್ದು ಹೊಲಿದ ಹೆಣ್ಣುಮಗಳೆಂದರೆ ಬಾಣಂತಿ; ಬಾಣಂತಿಯೆಂದರೆ ಗೋಕಾಕದ ಕರದಂಟು. ಮೂರು ದಿನದಲ್ಲಿ ಹದಿನಾಲ್ಕು ಡಬ್ಬಿ ಕರದಂಟು ಬಂದವು. ಮೂಡಲಗಿಯಿಂದ ಬಂದ ದೊಡ್ಡತ್ತೆಯಂತೂ ತೊಟ್ಟಿಲ ಜಾಗದಲ್ಲೆಲ್ಲ ಹಣಕಿ ನೋಡಿ ಕೇಳಿದಳು:

"ಎಲ್ಲಾ ಖರೆ, ಕೂಸು ಎಲ್ಲೈತಿ?"

"ಕೂಸಿಲ್ರಿ ಕಾಕೂ, ಹೊಟ್ಟೀನ ಸಣ್ಣದ ಮಾಡ್ಯಾರ."

"ಅಯ್ಯ, ಅಷ್ಟ ದೂರ ಹೋಗಿ ಬರಿಗೈಲೆ ಬಂದಿ?"

ಹೊಸ ಹೊಟ್ಟೆಯ ಕಾಯಿದೆಗಳು ಸರಳವಾಗಿದ್ದವು. ದಿನಕ್ಕೆ ಆರು ಸಲ ಊಟ. ಪ್ರತಿ ಸಲ ಅರ್ಧ ವಾಟಿ, ಅಂದರೆ ಸಣ್ಣ ಬಟ್ಟಲಿನ ಅರ್ಧ. ಪ್ರತಿ ತುತ್ತಿಗೆ ಮೂವತ್ತೆರಡು ಸಲ ಅಗಿಯುವುದು, ಅರ್ಧ ತಾಸಿಗಿಂತ ಬೇಗ ಮುಗಿಸದಿರುವುದು, ಊಟದ ಹಿಂದೆ ಮುಂದೆ ಅರ್ಧ ತಾಸು ನೀರು ಮುಟ್ಟದಿರುವುದು. ಅವಸರ ಮಾಡಿದರೆ ಉಂಡದ್ದು ಬಂದ ದಾರಿಯಿಂದಲೇ ವಾಪಸ್. ಇದರ ಮೇಲೆ ಮನೆಯ ಕಾಯಿದೆ ಬೇರೆ: ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಬಾಯಿ ಮುಚ್ಚಬೇಕು. ರೋಗಿಗೆ ವಿನಾಯಿತಿ ಉಂಟೆಂದು ಸ್ವಾಮಿಗಳೇ ಹೇಳಿದ್ದರೂ ಅತ್ತೆ ಸೀತಾಬಾಯಿ ಒಪ್ಪಲಿಲ್ಲ. "ಅಡ್ಡಾಡಾಕತ್ತಾಳ, ಬೈಯಾಕತ್ತಾಳ, ಇದ್ಯಾವ ರೋಗಿ?" ಅಂದಳು. ಹೀಗಾಗಿ ಸೂರ್ಯ ಹುಟ್ಟಿ ಮುಳುಗುವುದರೊಳಗೆ ಆರು ಅರ್ಧ ವಾಟಿ ಸಾಗಬೇಕು. ನಡುವೆ ಒಂದು ಅಡ್ಡಿ ಬಂತೆಂದರೆ ಸಂಜೆಗೆ ಒಂದು ವಾಟಿ ಖೋತಾ. ಎರಡು ಅಡ್ಡಿಗೆ ತಲೆ ತಿರುಗುತ್ತಿತ್ತು. ರೂಪಾಲಿಗೆ ಬೇಕಾದದ್ದು ಸೀರೆಯಲ್ಲ, ಬಂಗಾರವಲ್ಲ, ಅರ್ಧ ತಾಸು.

ಅದನ್ನು ಕೊಡಲು ಜಗತ್ತಿನಲ್ಲಿ ಸಿದ್ಧವಿದ್ದವರು ಬಾಲವಾಡಿಯ ಇಪ್ಪತ್ಮೂರು ಮಕ್ಕಳು ಮಾತ್ರ. ಕಚೇರಿಯ ನಿಯಮ ಏಳು ಸ್ಪಷ್ಟವಾಗಿತ್ತು: "ಟೀಚರ್ ಊಟಕ್ಕೆ ಕೂತಾಗ ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಕೂಡ್ರತಕ್ಕದ್ದು." ಮಕ್ಕಳು ಕೂಡ್ರುತ್ತಿದ್ದರು. ದೊಡ್ಡವರಿಗೆ ನಿಯಮವಿರಲಿಲ್ಲ. ಮನೆ ಬಾಲವಾಡಿಯ ಬಾಜೂಕ್ಕೇ ಇದ್ದುದರಿಂದ ಸೀತಾಬಾಯಿ ಪ್ರತಿ ವಾಟಿಗೂ ಹಾಜರಾಗಿ, "ಇಷ್ಟ ತಿಂದ್ರ ಗುಬ್ಬಿ ಸೈತ ಬದಕೂದಿಲ್ಲ, ಒಂದ ತುಣಕ ಕರದಂಟು ತಿನ್ನ," ಎಂದು ಡಬ್ಬಿ ಹಿಡಿದು ನಿಲ್ಲುತ್ತಿದ್ದಳು.

ಇನ್ನು ಎರಡೂವರೆ ಮಕ್ಕಳ ವಿಷಯ. ಪ್ರತಿ ತಿಂಗಳು ತೂಕ ನೋಡಿ ಬರೆದಿಡು ಎಂದು ಡಾಕ್ಟರರು ಹೇಳಿದ್ದರು. ಅವಳನ್ನು ತೂಗಬಲ್ಲ ತಕ್ಕಡಿ ಊರಲ್ಲಿ ಎರಡೇ ಇದ್ದವು: ಕಬ್ಬಿನ ಗಾಡಿ ತೂಗುವುದೊಂದು, ಬಾಲವಾಡಿಯದೊಂದು. ರೂಪಾಲಿ ಎರಡನೆಯದನ್ನು ಆರಿಸಿಕೊಂಡಳು. "ಯಂತ್ರದ ಮೇಲೆ ನಿಂತ ಪ್ರತಿಯೊಬ್ಬರ ತೂಕವನ್ನೂ ದಾಖಲಿಸತಕ್ಕದ್ದು" ಎಂಬ ನಿಯಮವಿದ್ದುದರಿಂದ, ಹತ್ತನೇತ್ತದ ತರಗತಿಯವರೆಗೆ ಕಲಿತ ಪ್ರಾಮಾಣಿಕ ಹೆಣ್ಣುಮಗಳಾಗಿ, ಮಕ್ಕಳ ಹೆಸರಿನ ಕೆಳಗೆ ತನ್ನದನ್ನೂ ಬರೆದಳು. ಹುಕ್ಕೇರಿಗೆ ಹೋಗುತ್ತಿದ್ದದ್ದು ಒಟ್ಟು ಮೊತ್ತ ಮಾತ್ರ. ಏಳು ತಿಂಗಳಲ್ಲಿ ಮಕ್ಕಳೆಲ್ಲ ಕೂಡಿ, ಕಚೇರಿ ಗೊತ್ತುಪಡಿಸಿದಷ್ಟೇ, ಮೂವತ್ತು ಕಿಲೋ ಏರಿದರು. ರೂಪಾಲಿ ಒಬ್ಬಳೇ ಮೂವತ್ತೆಂಟು ಇಳಿದಳು.

"ಅದು ನನ್ನ ತೂಕಾರಿ ಸರ್. ಹಾಳಿ ತಿರುವಿ ನೋಡ್ರಿ," ಎಂದಳು, ಮೂವತ್ತೆರಡು ಮುಗಿಸಿ.

ಮಾಲಿಂಗಪ್ಪ ಹಾಳೆ ತಿರುವಲಿಲ್ಲ. "ಕಚೇರಿಗೆ ಒಟ್ಟು ಬೇಕ್ರಿ ಬಾಯಾರ. ಬಿಡಿ ತೂಕ ನಿಮ್ಮ ಖಾಸಗಿ ವಿಷಯ."

ಆದರೂ ವಿಚಾರಣೆ ಆಗಬೇಕಲ್ಲ. ಮಕ್ಕಳನ್ನು ಎರಡು ಸಲ ಎಣಿಸಲಾಯಿತು. ಕಪಾಟಿನ ಹಿಂದೆ, ಕಾಳಿನ ಕೋಣೆಯಲ್ಲಿ ನೋಡಲಾಯಿತು. ಅರ್ಧ ಮಗು ಎಲ್ಲಾದರೂ ಸಿಕ್ಕೀತೆಂದು ಯಮನವ್ವನನ್ನು ಕಟ್ಟಿಗೆ ರಾಶಿಯ ಹಿಂದೆ ಕಳಿಸಲಾಯಿತು. ಅವಳು ಒಂದು ಆಡಿನ ಮರಿ ಹಿಡಿದು ತಂದು, "ಇದು ನಡೀತೇತೇನ್ರಿ?" ಎಂದು ಕೇಳಿದಳು. ಮಾಲಿಂಗಪ್ಪ ನಿಯಮಪುಸ್ತಕ ತಿರುವಿ ನೋಡಿ, ಸದ್ಯದ ನಿಯಮಗಳಲ್ಲಿ ಅವಕಾಶವಿಲ್ಲ ಎಂದ.

ಎಂಟು ದಿನಕ್ಕೆ ಹುಕ್ಕೇರಿಯಿಂದ ಆದೇಶ ಬಂದಿತು: "ಕಾರ್ಯಕರ್ತೆಯು ಕೇಂದ್ರದ ತೂಕವನ್ನು ಪೂರ್ವಾನುಮತಿಯಿಲ್ಲದೆ ಇಳಿಸಿರುವುದು ಸಾಬೀತಾಗಿದೆ. ಮೂವತ್ತು ದಿನಗಳೊಳಗಾಗಿ ಸದರಿ ತೂಕವನ್ನು ಭರ್ತಿ ಮಾಡತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು." ಜತೆಗೆ ಮೂರು ಡಬ್ಬಿ ಶೇಂಗಾ ಉಂಡಿ. ದಿನಕ್ಕೆ ಹನ್ನೆರಡು ಉಂಡಿಗಳನ್ನು ಟೀಚರ್ ಮೇಲ್ವಿಚಾರಕರ ಸಮಕ್ಷಮ ತಿನ್ನಬೇಕು. ಖಾಲಿ ಡಬ್ಬಿಯ ಮೇಲೆ ಇಬ್ಬರ ಸಹಿ ಬೇಕು.

ರೂಪಾಲಿ ಕಾಲು ಉಂಡಿ ತಿಂದಳು. ಆಮೇಲೆ ಒಂದು ತಾಸು ಗೋಡೆ ಹಿಡಿದು ನಿಂತಳು.

"ಮುಗಸ್ರಿ ಬಾಯಾರ, ಸಹಿ ಆಗಬೇಕು."

"ಸರ್, ನನ್ನ ಹೊಟ್ಟಿ ಈಗ ಮುಷ್ಟಿಯಷ್ಟ ಐತಿ. ನಿಮ್ಮ ಹನ್ನೆರಡ ಉಂಡಿ ಇಡಾಕ ಬಾಡಿಗಿ ಮನಿ ಹಿಡೀಬೇಕು."

ಡಬ್ಬಿ ಖಾಲಿಯಾಗದೆ ಸಹಿಯಿಲ್ಲ, ಸಹಿಯಿಲ್ಲದೆ ಮಾಲಿಂಗಪ್ಪನಿಗೆ ಹುಕ್ಕೇರಿಯ ಬಸ್ಸಿಲ್ಲ. ಕರ್ತವ್ಯಪ್ರಜ್ಞೆಯುಳ್ಳ ಮಾಲಿಂಗಪ್ಪ ಉಳಿದ ಉಂಡಿಗಳನ್ನು ತಾನೇ ತಿಂದು ಸಹಿ ಪಡೆದ. ಇಪ್ಪತ್ತೆಂಟು ದಿನ ಹೀಗೆ ನಡೆಯಿತು. ಡಬ್ಬಿಗಳು ತೀರಿದಂತೆ ಹೊಸ ಡಬ್ಬಿಗಳು ಬಂದವು. ಕೊನೆಗೆ ತೂಕ ನೋಡಿದಾಗ ರೂಪಾಲಿ ಎಪ್ಪತ್ತಾರರಲ್ಲೇ ಇದ್ದಳು, ಮಾಲಿಂಗಪ್ಪ ಆರು ಕಿಲೋ ಏರಿದ್ದ. ಆದರೆ ಅವನು ಇಲಾಖೆಯ ತೂಕ, ಕೇಂದ್ರದ ತೂಕವಲ್ಲ.

ರೂಪಾಲಿ ಆದೇಶದ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಈಗ ಅವಳು ನೆಲಕ್ಕೆ ಕೂತು ತಾನೇ ಏಳುತ್ತಿದ್ದಳು. ಮಯೂರಿಯನ್ನು ಎತ್ತಿ ತಿರುಗಿಸುತ್ತಿದ್ದಳು. ಕೂಡ್ರಲು ಏಳಲು ಬಂದ ಹೊತ್ತಿಗೇ ಕೂಡ್ರುವ ಜಾಗ ಹೋಗುವುದೆಂದರೆ!

ಇಪ್ಪತ್ತೊಂಬತ್ತನೆಯ ದಿನ ಸೀತಾಬಾಯಿ ಎಂದಿನಂತೆ ಡಬ್ಬಿ ಹಿಡಿದು ಬಂದಳು. ದಣಿದಿದ್ದಳು, ಸಣ್ಣ ಕುರ್ಚಿಯಲ್ಲಿ ಮಾಲಿಂಗಪ್ಪ ಕೂತಿದ್ದರಿಂದ ಬೇರೆ ಏನೂ ಕಾಣದೆ ತಕ್ಕಡಿಯ ಮೇಲೆ ಕೂತಳು. ಉಪವಾಸ ಮಾಡಿ ಮಾಡಿ ಒಣಗಿದ ಜೀವ. ಮುಳ್ಳು ಓಡಿ ಮೂವತ್ತೆಂಟಕ್ಕೆ ನಿಂತಿತು.

ರೂಪಾಲಿ ನೋಡಿದಳು. ಮಾಲಿಂಗಪ್ಪನೂ ನೋಡಿದ. ಇಷ್ಟು ವರ್ಷ ತಾನು ಮೈಮೇಲೆ ಹೊತ್ತು ತಿರುಗಿದ್ದು ಬರೋಬ್ಬರಿ ಒಬ್ಬ ಅತ್ತೆಯನ್ನು ಎಂಬುದು ರೂಪಾಲಿಗೆ ಆಗ ಗೊತ್ತಾಯಿತು.

ಮಾಲಿಂಗಪ್ಪ ನಿಯಮಪುಸ್ತಕ ತೆಗೆದ. ನಿಯಮ ನಾಲ್ಕು: "ಹಲ್ಲು ಪೂರ್ತಿ ಇಲ್ಲದ, ಮೆತ್ತನೆಯ ಆಹಾರ ಬೇಕಾದ, ಸ್ವಂತ ದುಡಿಮೆಯಿಲ್ಲದ ಮತ್ತು ಹೇಳಿದ ಮಾತು ಕೇಳದ ವ್ಯಕ್ತಿಯನ್ನು ಮಗು ಎಂದು ಪರಿಗಣಿಸತಕ್ಕದ್ದು." ವಯಸ್ಸಿನ ಸಂಗತಿ ಎಲ್ಲರಿಗೂ ಗೊತ್ತಿರುವುದೆಂದು ಯಾರೂ ಬರೆದಿರಲಿಲ್ಲ.

"ಆಯೀ, ಬಾಯಿ ತಗೀರಿ," ಎಂದ. ಎರಡು ಹಲ್ಲಿದ್ದವು.

"ನನ್ನ ಸಾಲಿಗೆ ಹಾಕ್ತೀರೇನು?" ಸೀತಾಬಾಯಿ ಕೇಳಿದಳು. "ನಮ್ಮಪ್ಪ ಹಾಕ್ತೇನಿ ಹಾಕ್ತೇನಿ ಅಂತ ಲಗ್ನಾನ ಮಾಡಿಬಿಟ್ಟ. ಪಾಟಿ ಕೊಡ್ತೀರಿಲ್ಲೊ?"

ಪಾಟಿ, ಬಳಪ ಎರಡೂ ಕೊಡಲಾಯಿತು. ದಿನಕ್ಕೆ ಒಂದು ವಾಟಿ ಗೋಧಿ ಸಜ್ಜಕವೂ ಮಂಜೂರಾಯಿತು. ಇಪ್ಪತ್ನಾಲ್ಕನೆಯ ಮಗು: ಸೀತಾಬಾಯಿ, ತೂಕ ಮೂವತ್ತೆಂಟು, ಬೆಳವಣಿಗೆ ಅತ್ಯುತ್ತಮ.

ಹುಕ್ಕೇರಿಯ ಸಾಹೇಬರು ಖುದ್ದಾಗಿ ಬಂದು ಮೊತ್ತ ನೋಡಿ, ಕಣ್ಣಿಗೆ ಕರವಸ್ತ್ರ ಒತ್ತಿಕೊಂಡರು. ಮರುವಾರ ಗೋಕಾಕ, ಮೂಡಲಗಿ ಕಡೆಯ ಕೇಂದ್ರಗಳಿಗೂ ಸುತ್ತೋಲೆ ಹೋಯಿತು: "ತೂಕ ಕಡಿಮೆ ಬಿದ್ದಲ್ಲಿ ತಲಾ ಒಬ್ಬ ಅತ್ತೆಯನ್ನು ಭರ್ತಿ ಮಾಡಿಕೊಳ್ಳತಕ್ಕದ್ದು. ಅತ್ತೆ ಲಭ್ಯವಿಲ್ಲದಿದ್ದಲ್ಲಿ ಕಾರಣ ನೀಡತಕ್ಕದ್ದು." ಯಾವ ಕೇಂದ್ರದಿಂದಲೂ ಆಕ್ಷೇಪ ಬರಲಿಲ್ಲ. ಘಟಪ್ರಭಾದ ಒಬ್ಬ ಸೊಸೆ, ಇಬ್ಬರನ್ನು ಕೊಡಬಹುದೇ ಎಂದು ಅರ್ಜಿ ಹಾಕಿದಳು. ಮಾಲಿಂಗಪ್ಪ ಮಾತ್ರ ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು ಒಂದು ದಿನ ಮೆಲ್ಲಗೆ ಪುಣೆಯ ವಿಳಾಸ ಕೇಳಿಕೊಂಡು ಹೋದ.

ಈಗ ಹತ್ತು ಗಂಟೆಗೆ ರೂಪಾಲಿ ಅರ್ಧ ವಾಟಿ ಮುಂದಿಟ್ಟುಕೊಂಡು ನೆಲಕ್ಕೆ ಕೂಡ್ರುತ್ತಾಳೆ. ಇಪ್ಪತ್ನಾಲ್ಕು ಮಕ್ಕಳು ತುಟಿಯ ಮೇಲೆ ಬೆರಳಿಡುತ್ತಾರೆ. ಕೊನೆಯ ಸಾಲಿನಲ್ಲಿ ಸೀತಾಬಾಯಿ, ಪಕ್ಕದಲ್ಲಿ ಮೊಮ್ಮಗಳು ಮಯೂರಿ. ಅಜ್ಜಿಯ ಬೆರಳು ಜಾರಿದರೆ ಮೊಮ್ಮಗಳು ಎತ್ತಿ ಸರಿಯಾಗಿ ಇಡುತ್ತಾಳೆ. ಅರ್ಧ ತಾಸು ಒಂದು ಮಾತಿಲ್ಲ. ದಿನಕ್ಕೆ ಆರೂ ವಾಟಿ ಸೂರ್ಯ ಇರುವಾಗಲೇ ಮುಗಿಯುತ್ತಿವೆ.

ಮೊನ್ನೆ ಕೊನೆಯ ತುತ್ತು ನುಂಗಿ ರೂಪಾಲಿ ವಾಟಿ ಕೆಳಗಿಟ್ಟ ಮೇಲೆಯೇ, ನಿಯಮ ಮೀರದಂತೆ, ಸೀತಾಬಾಯಿ ಬೆರಳು ತುಟಿಯಿಂದ ತೆಗೆದು ಮೇಲೆತ್ತಿದಳು. ಪಾಟಿಯ ತುಂಬ ತನ್ನ ಹೆಸರಿನ ಮೊದಲಕ್ಷರ ಬರೆದಿದ್ದಳು. 

"ಟೀಚರ್," ಎಂದಳು ಅತ್ತೆ, "ಬರೂ ಜೂನಿಗೆ ಮಯೂರಿ ಕೂಡ ನನ್ನೂ ಒಂದನೇತ್ತಾಕ ಕಳಸ್ತೀರೊ, ಇಲ್ಲಾ ನಿಮ್ಮ ತೂಕ ತಿರಗಿ ಬರೂತನಾ ಇಲ್ಲೇ ಕುಂದ್ರಸ್ತೀರೊ?"