ಮೂರು ಗೆರೆ ಹಿಂದೆ

ಕೊನೆಯ ನೆಂಟರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಗಂಡನ ಅಂತ್ಯಕ್ರಿಯೆಯಾದ ಮೇಲೆ ಮನೆಯಲ್ಲಿ ಬೇರೆ ಯಾರೂ ಇಲ್ಲದ ಮೊದಲ ಬೆಳಗು ಅದು. ಆರೂ ಕಾಲಿಗೆ ಅವಳಿಗೆ ಹಸಿವಾಯಿತು.

ಹತ್ತು ದಿನ ತಲೆಮರೆಸಿಕೊಂಡಿದ್ದ ಹಸಿವು, ಹೇಳದೆ ಕೇಳದೆ ಬಂದ ಹಳೆಯ ಗೆಳತಿಯ ಹಾಗೆ ಬಾಗಿಲಲ್ಲಿ ನಿಂತಿತ್ತು. ಅದು ಮತ್ತೆ ಮುನಿಸಿಕೊಂಡು ಹೋಗುವ ಮೊದಲೇ ಏನಾದರೂ ಕೊಡಬೇಕೆಂದು ಅವಳು ಕಾವಲಿಯ ಮೇಲೆ ಎರಡು ತುಂಡು ಬ್ರೆಡ್ ಇಟ್ಟಳು. ಒಂದು ಮಗ್ಗುಲು ಕೆಂಪಾಗುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಿಂತಿದ್ದರು.

"ನಿನಗೆ ತೊಂದರೆ ಕೊಡಬಾರದು ಅಂತ ಮೂರು ಸಲ ಹತ್ತಿ ಮೂರು ಸಲ ಇಳಿದೆನಮ್ಮಾ. ನಾಲ್ಕನೇ ಸಲ ಮಂಡಿ ಕೇಳಲಿಲ್ಲ, ಬೆಲ್ ಒತ್ತಿಬಿಟ್ಟೆ."

"ಬನ್ನಿ ಸರ್."

"ಇವತ್ತು ಮೂವತ್ತನೇ ದಿನ," ಅಂದರು ಅವರು, ತಂತಿ ಸುದ್ದಿ ತಲುಪಿಸುವವರ ಹಾಗೆ ತಲೆ ತಗ್ಗಿಸಿ.

ಅವಳಿಗೆ ನೆನಪಾಯಿತು. ಅವಳ ಗಂಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ತಾರಸಿಯ ಮೇಲೆ ಕಟ್ಟಡದವರನ್ನೆಲ್ಲ ಕಲೆಹಾಕಿ ಬಗ್ಗಿಸಿ ಎಬ್ಬಿಸುವುದು ಅವನ ಹುಚ್ಚು. ಒಂದು ದಿನ ಅಲ್ಲಿ ಜಗಳ ಹತ್ತಿಕೊಂಡಿತು: ವ್ಯಾಯಾಮಕ್ಕೆ ಮೊದಲು ತಿನ್ನಬೇಕೋ ಬಾರದೋ? "ಖಾಲಿ ಚೀಲ ಹೊತ್ತವನೇ ಬೇಗ ಊರು ಸೇರೋದು," ಎಂದು ಪೋಸ್ಟ್‌ಮಾಸ್ಟರ್. "ದಾರ ಪೋಣಿಸದೆ ಮೆಷಿನ್ ತುಳಿದರೆ ಬಟ್ಟೆ ಹೊಲಿಯುತ್ತೇನ್ರೀ?" ಎಂದು ಎದುರು ಮನೆಯ ಟೈಲರಮ್ಮ. ಉಳಿದವರು ಯಾರು ಹತ್ತಿರ ನಿಂತಿದ್ದರೋ ಅವರ ಪಕ್ಷ ಸೇರಿದರು.

ಗಂಡ ತೀರ್ಪು ಕೊಟ್ಟ: ಮೂವತ್ತು ದಿನ ಪಂದ್ಯ. ಇಬ್ಬರಲ್ಲಿ ಯಾರ ತೂಕ ಹೆಚ್ಚು ಇಳಿಯುತ್ತದೋ ಅವರು ಗೆದ್ದಂತೆ. ಸೋತವರು ಬಾಯಿ ಮುಚ್ಚಿಕೊಂಡು ಗೆದ್ದವರ ದಾರಿ ಹಿಡಿಯಬೇಕು. ಮೂಲೆಯ ಮೆಡಿಕಲ್ ಶಾಪಿನಿಂದ ತೂಕದ ಯಂತ್ರ ಎರವಲು ತಂದು, ಮೊದಲ ದಿನ ಇಬ್ಬರನ್ನೂ ಹತ್ತಿಸಿ, ಅಂಕಿಗಳ ಚೀಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ. ನಡುವೆ ಇಣುಕಬಾರದೆಂದು ಯಂತ್ರವನ್ನು ಮಂಚದ ಕೆಳಗೆ ನೂಕಿದ. ಇಪ್ಪತ್ತನೆಯ ದಿನ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ "ವಿಶ್ರಾಮ್" ಹೇಳಿ, ತಾನೂ ಕುರ್ಚಿಯಲ್ಲಿ ಕುಳಿತ. ಮತ್ತೆ ಏಳಲಿಲ್ಲ.

ಅವನು ಅಂದು ತಿಂದು ಹೋಗಿದ್ದನೋ ಇಲ್ಲವೋ ಎಂದು ಕೇಳಲು ಎರಡೂ ಪಕ್ಷದವರಿಗೆ ನಾಲಿಗೆ ತುರಿಸುತ್ತಿತ್ತು. ಇದುವರೆಗೆ ಯಾರೂ ಕೇಳಿರಲಿಲ್ಲ. ಒಳ್ಳೆಯ ಜನ.

"ಮೇಷ್ಟ್ರ ಮಾತು ಅರ್ಧಕ್ಕೆ ನಿಲ್ಲಬಾರದಲ್ಲಮ್ಮಾ. ಅವರ ಜಾಗದಲ್ಲಿ ನೀನು ನಿಂತು ತೂಕ ಹಾಕಿಬಿಡು. ನೀನಾದರೆ ಯಾರೂ ಎರಡು ಮಾತಾಡೋ ಹಾಗಿಲ್ಲ."

ಆ ಮಾತು ನಿಜ. ಅವಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಪರೀಕ್ಷಕಿ. ಊರಿನ ಅಂಗಡಿಗಳ ತಕ್ಕಡಿಗಳೆಲ್ಲ ಅವಳ ಮುದ್ರೆ ಬಿದ್ದ ಮೇಲೆಯೇ ತಲೆ ಎತ್ತಬೇಕು.

ಅಷ್ಟರಲ್ಲಿ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಸಮೇತ ಒಳಗೆ ಬಂದರು. "ಬೆಳಗಾಗೋದಕ್ಕೇ ಕಾದಿದ್ರಾ ಪೋಸ್ಟ್‌ಮಾಸ್ಟರೇ? ಆ ಮಗು ಮುಖ ತೊಳೀಲಿ ಅಂತಲೂ ಇಲ್ಲ."

"ನೀವು ಯಾಕೆ ಬಂದ್ರಿ?"

"ನೀವು ಬಂದ್ರಿ ಅಂತ ಬಂದೆ. ಇಲ್ಲದಿದ್ರೆ ಆರೂವರೆಗೆ ಬರೋಳು."

ಅವಳು ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಯಂತ್ರವನ್ನು ಎಳೆದಳು. ಧೂಳು ಒರೆಸುವಾಗ ಕಣ್ಣು ಮುಳ್ಳಿನ ಮೇಲೆ ಬಿತ್ತು. ಮೇಲೆ ಯಾರೂ ನಿಂತಿಲ್ಲ, ಮುಳ್ಳು ಸೊನ್ನೆಯಲ್ಲಿರಬೇಕು. ಅದು ಸೊನ್ನೆಗಿಂತ ಮೂರು ಗೆರೆ ಹಿಂದೆ ನಿಂತಿತ್ತು. ಮೂರು ಕಿಲೋ.

ಅವಳಿಗೆ ಎಲ್ಲ ಅರ್ಥವಾಯಿತು. ಇದು ಅವನ ಕೆಲಸವೇ. ಓಟದ ಪಂದ್ಯದಲ್ಲಿ ಕೊನೆಗೆ ಬಂದ ಹುಡುಗಿ ಅತ್ತಳೆಂದು ಇಡೀ ತರಗತಿಗೆ ಮೊದಲ ಬಹುಮಾನ ಕೊಟ್ಟ ಮಹಾನುಭಾವ. ಮೂವತ್ತನೆಯ ದಿನ ಯಾರೂ ಬೇಜಾರು ಮಾಡಿಕೊಳ್ಳಬಾರದು, ಇಬ್ಬರೂ ಮೂರು ಕಿಲೋ ಇಳಿದಿರಲಿ ಎಂದು ಮೊದಲ ದಿನದ ತೂಕ ಮುಗಿದ ಮೇಲೆ ತಿರುಗಿಸಿ ಇಟ್ಟಿದ್ದಾನೆ. ತೂಕದ ಇಲಾಖೆಯವಳ ಮಂಚದ ಕೆಳಗೇ ಕಳ್ಳ ತೂಕ.

ಬೈಯಬೇಕೆಂದು ತಿರುಗಿದಳು. ಬೈಸಿಕೊಳ್ಳುವವನು ಇರಲಿಲ್ಲ. ಈ ನಡುವೆ ಅವಳ ಹೆಬ್ಬೆರಳು ಯಾರ ಅಪ್ಪಣೆಗೂ ಕಾಯದೆ ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿಬಿಟ್ಟಿತ್ತು. ಆರು ವರ್ಷದ ಅಭ್ಯಾಸ. ತಪ್ಪು ಮುಳ್ಳು ಕಂಡರೆ ಅವಳ ಬೆರಳಿಗೆ ತಡೆಯದು.

ಹೊರಗೆ ಬಂದಾಗ ಪೋಸ್ಟ್‌ಮಾಸ್ಟರ್ ಉಸಿರು ಎಳೆದು, ಹೊಟ್ಟೆಯನ್ನೂ ಎಳೆದುಕೊಂಡು, ಹತ್ತಿ ನಿಂತರು.

"ಮೊದಲ ದಿನ ಎಪ್ಪತ್ತನಾಲ್ಕು," ಅವಳು ಚೀಟಿ ನೋಡಿ ಓದಿದಳು. "ಈಗ ಎಪ್ಪತ್ತಾರು."

"ಇಳಿದಿದ್ದು ಎರಡಾ?"

"ಏರಿದ್ದು."

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. "ಖಾಲಿ ಚೀಲ ಅಂದ್ರಲ್ಲ, ಯಾರೋ ಪಾರ್ಸೆಲ್ ತುಂಬಿದಾರೆ." ಅವರೂ ಹತ್ತಿದರು. ಅರುವತ್ತೆಂಟು ಇದ್ದದ್ದು ಎಪ್ಪತ್ತಾಗಿತ್ತು. ನಗು ಪಕ್ಷಾಂತರ ಮಾಡಿತು.

"ಯಂತ್ರ ಸರಿಯಿದೆಯಾ, ನೋಡಮ್ಮ," ಎಂದರು ಟೈಲರಮ್ಮ.

"ಈಗ ಸರಿಯಾಗಿದೆ."

"ಈಗ ಅಂದ್ರೆ?" ಪೋಸ್ಟ್‌ಮಾಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ಮೊದಲು ಸರಿಯಿರಲಿಲ್ವಾ? ಮೇಷ್ಟ್ರು ಹಾಗೆ ಮಾಡೋರಲ್ಲ. ಅವರ ಮಾತು ಅಂದ್ರೆ ರಿಜಿಸ್ಟರ್ ಪೋಸ್ಟು."

ಅವಳು ಇಬ್ಬರ ಮುಖ ನೋಡಿದಳು. ಸತ್ತವನ ಹತ್ತಿರ ಈಗ ಉಳಿದಿರುವುದು ಒಳ್ಳೆಯ ಹೆಸರೊಂದೇ. ಅದಕ್ಕೂ ಮೂರು ಕಿಲೋ ಕೊರತೆ ಬರಬಾರದು.

"ಮೊದಲೂ ಸರಿಯಾಗೇ ಇತ್ತು," ಎಂದಳು. ಕೆಲಸಕ್ಕೆ ಸೇರಿದ ಮೇಲೆ ತೂಕದ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು. "ಹತ್ತು ದಿನದಿಂದ ನೀವು ಯಾರೂ ತಾರಸಿಗೆ ಹೋಗಿಲ್ಲ. ನನಗೆ ಅಂತ ತಂದ ಊಟವನ್ನೂ ನೀವೇ..."

ಇಬ್ಬರೂ ನೆಲ ನೋಡಿದರು. ಊಟದ ಪಾತ್ರೆಗಳು ಬಂದದ್ದು ನಿಜ, ಅವಳು ಮುಟ್ಟದೇ ಇದ್ದದ್ದು ನಿಜ, ತೊಳೆದ ಪಾತ್ರೆಗಳು ಹಿಂದಿರುಗಿದ್ದೂ ನಿಜ. ದುಃಖಕ್ಕೆ ಜೊತೆಯಾಗಲು ಬಂದವರು ತಟ್ಟೆಗೂ ಜೊತೆಯಾಗಿದ್ದರು.

"ಹಾಗಾದ್ರೆ ಇದು ದುಃಖದ ತೂಕ," ಎಂದರು ಟೈಲರಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

"ಪಂದ್ಯ ಮೊದಲಿಂದ ಆಗಬೇಕು," ಎಂದರು ಪೋಸ್ಟ್‌ಮಾಸ್ಟರ್. "ನಾಳೆಯಿಂದ ಮೂವತ್ತು ದಿನ. ಮೇಷ್ಟ್ರ ಸೀಟಿ ನೀನು ಊದಬೇಕು ಕಣಮ್ಮಾ. ಬೆಳಿಗ್ಗೆ ಆರಕ್ಕೆ."

ಅವಳು ಜೀವನದಲ್ಲಿ ಒಂದು ದಿನವೂ ವ್ಯಾಯಾಮಕ್ಕೆಂದು ತಾರಸಿ ಹತ್ತಿದವಳಲ್ಲ. ಹೇಗೆ ಬೇಡವೆನ್ನುವುದೆಂದು ಯೋಚಿಸುತ್ತಿರುವಾಗ ಸುಟ್ಟ ವಾಸನೆ ಬಂತು. ಅಡುಗೆಮನೆಗೆ ಓಡುವಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಅವಳಿಗಿಂತ ಮುಂದಿದ್ದರು. ಒಲೆ ಆರಿಸಿದರು. ಬ್ರೆಡ್ಡನ್ನು ತಟ್ಟೆಗೆ ಹಾಕಿ, ಕಪ್ಪಾದದ್ದನ್ನು ಕೆರೆದರು. ಪಂದ್ಯದ ನಿಯಮಗಳನ್ನು ವಿವರಿಸುತ್ತ ವಿವರಿಸುತ್ತ, ತಾವೇನು ಮಾಡುತ್ತಿದ್ದೇವೆಂಬ ಪರಿವೆಯೇ ಇಲ್ಲದೆ, ಎರಡು ತುಂಡನ್ನೂ ತಿಂದು ಮುಗಿಸಿದರು.

ಇನ್ನು ಈ ಯಂತ್ರ ಮನೆಯಲ್ಲಿರಬಾರದು ಎಂದು ಅವಳು ನಿರ್ಧರಿಸಿದಳು. ಸ್ನಾನ ಮಾಡಿ, ಸೀರೆ ಉಟ್ಟು, ಕಚೇರಿಯ ಚೀಲ ಹೆಗಲಿಗೆ ಹಾಕಿಕೊಂಡು, ಯಂತ್ರವನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದಳು. ಮೆಡಿಕಲ್ ಶಾಪಿನವನು ಆಗತಾನೇ ಬಾಗಿಲು ತೆಗೆಯುತ್ತಿದ್ದ.

"ಅಯ್ಯೋ ಮೇಡಂ, ನೀವ್ಯಾಕೆ ಹೊತ್ಕೊಂಡು ಬಂದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ." ಯಂತ್ರವನ್ನು ಕೆಳಗಿಟ್ಟು ನೋಡಿದವನ ಮುಖ ಸಪ್ಪಗಾಯಿತು. "ಇದ್ಯಾಕೆ ಸೊನ್ನೆಗೆ ಬಂದುಬಿಟ್ಟಿದೆ?"

"ಎಲ್ಲಿರಬೇಕಿತ್ತು?"

ಅವನು ನಾಲಿಗೆ ಕಚ್ಚಿಕೊಂಡ. ಎದುರಿಗಿರುವುದು ಯಾವ ಇಲಾಖೆಯೆಂದು ತಡವಾಗಿ ನೆನಪಾಗಿತ್ತು. "ಕೋಪ ಮಾಡ್ಕೋಬೇಡಿ ಮೇಡಂ. ಮೊದಲಿಂದಲೂ ಮೂರು ಗೆರೆ ಹಿಂದೇನೇ ಇಟ್ಟಿದ್ದೆ. ಗಿರಾಕಿಗಳು ನಗ್ತಾ ಇಳೀತಾರೆ, ನಗ್ತಾ ಇರೋರು ಏನಾದ್ರೂ ಕೊಳ್ತಾರೆ. ಮೇಷ್ಟ್ರಿಗೂ ಹೇಳೇ ಕೊಟ್ಟಿದ್ದು. ಅವರು ಏನಂದ್ರು ಗೊತ್ತಾ? 'ಪರವಾಗಿಲ್ಲ ಬಿಡಪ್ಪ, ಮೊದಲೂ ಮೂರು ಕಡಿಮೆ, ಕೊನೆಗೂ ಮೂರು ಕಡಿಮೆ, ನನಗೆ ಬೇಕಾಗಿರೋದು ವ್ಯತ್ಯಾಸ. ನನ್ನ ಹೆಂಡತಿ ಕೈಗೆ ಮಾತ್ರ ಸಿಗಬಾರದು' ಅಂದ್ರು."

ಅವಳು ಅಂಗಡಿಯ ಬೆಂಚಿನ ಮೇಲೆ ಕುಳಿತುಕೊಂಡಳು. ಯಂತ್ರ ಎರಡು ಸಲವೂ ಒಂದೇ ತಪ್ಪು ಹೇಳಿದರೆ ವ್ಯತ್ಯಾಸದಲ್ಲಿ ತಪ್ಪಿಲ್ಲ. ತರಬೇತಿಯ ಮೊದಲ ವಾರದ ಪಾಠ. ಅವನು ಮೋಸ ಮಾಡಿರಲಿಲ್ಲ. ಪಂದ್ಯ ಸರಿಯಾಗಿತ್ತು. ಇಬ್ಬರೂ ಎರಡೆರಡು ಕಿಲೋ ಏರಿರಲಿಲ್ಲ. ಒಂದೊಂದು ಕಿಲೋ ಇಳಿದಿದ್ದರು. ಇಡೀ ವ್ಯವಹಾರದಲ್ಲಿ ತೂಕ ಕೆಡಿಸಿದವಳೆಂದರೆ ಇಲಾಖೆಯವಳು ಒಬ್ಬಳೇ. ನಿರಪರಾಧಿಯನ್ನು ಉಳಿಸಲು ಹೇಳಿದ ಸುಳ್ಳು ಬೇರೆ.

ರಸ್ತೆಯಾಚೆ ಜಗಳದ ಸದ್ದು ಕೇಳಿತು. ಪೋಸ್ಟ್‌ಮಾಸ್ಟರೂ ಟೈಲರಮ್ಮನೂ ಅಂಗಡಿಯತ್ತಲೇ ಬರುತ್ತಿದ್ದರು.

ಅವಳು ಬಗ್ಗಿದಳು. ಆರು ವರ್ಷದಲ್ಲಿ ಮೊದಲ ಸಲ, ಸರಿಯಿದ್ದ ಮುಳ್ಳನ್ನು ತಪ್ಪಿಗೆ ತಿರುಗಿಸಿದಳು. ಮೂರು ಗೆರೆ ಹಿಂದೆ. ಅವರು ಬೆವರು ಸುರಿಸಿ ಇಳಿಸಿದ ಒಂದು ಕಿಲೋ ಅವರಿಗೆ ಸಿಗಲಿ, ಪಂದ್ಯ ಸಮಬಲವಾಗಿ ಮುಗಿಯಲಿ, ನಾಳೆ ಆರಕ್ಕೆ ಎಲ್ಲರೂ ಮಲಗಿರಲಿ.

"ಇನ್ನೊಂದೇ ಒಂದು ಸಲ ಹತ್ತಿಬಿಡ್ತೀನಿ, ಸಮಾಧಾನಕ್ಕೆ," ಎಂದು ಪೋಸ್ಟ್‌ಮಾಸ್ಟರ್ ಹತ್ತಿದರು. ಕಣ್ಣುಜ್ಜಿಕೊಂಡರು. "ಎಪ್ಪತ್ತಮೂರು. ನಿಮ್ಮನೇಲಿ ಎಪ್ಪತ್ತಾರು ಇತ್ತು."

"ಮೊದಲ ದಿನಕ್ಕಿಂತ ಒಂದು ಕಿಲೋ ಕಡಿಮೆ ಸರ್, ಅಭಿನಂದನೆ," ಎಂದಳು ಅವಳು ಬೇಗಬೇಗನೆ.

ಅವರು ಕೇಳಿಸಿಕೊಳ್ಳಲಿಲ್ಲ. "ಯಂತ್ರ ಅದೇ. ಹೊತ್ತು ತಂದೋಳು ಇಲಾಖೆಯೋಳು. ನಾನೂ ನಾನೇ. ಬದಲಾಗಿದ್ದು ಏನು?" ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು. "ಬ್ರೆಡ್ಡು. ಎರಡು ತುಂಡು ತಿಂದೆ, ಮೆಟ್ಟಿಲಿಳಿದೆ, ರಸ್ತೆ ದಾಟಿದೆ. ಮೂರು ಕಿಲೋ ಹೋಯ್ತು. ಟೈಲರಮ್ಮಾ, ನಲವತ್ತು ವರ್ಷದಿಂದ ನಾನು ತಪ್ಪು. ತಿಂದೇ ಮಾಡಬೇಕು."

"ಸ್ವಲ್ಪ ಸರೀರಿ." ಟೈಲರಮ್ಮ ಹತ್ತಿದರು. ಅರುವತ್ತೇಳು. ಅವರ ದನಿ ಕುಗ್ಗಿತು. "ನಾನು ಇವತ್ತು ತೂಕ ಅಂತ ಗಾಬರಿಗೆ ಏನೂ ತಿಂದಿಲ್ಲ. ಹಸಿದ ಹೊಟ್ಟೇಲಿ ನಡೆದೆ. ನನಗೂ ಮೂರು ಹೋಯ್ತು. ಖಾಲಿ ಹೊಟ್ಟೆನೇ ಸರಿ ಕಣ್ರೀ."

ಇಬ್ಬರೂ ಹಳೆಯ ಜಗಳವನ್ನೇ ಮಗ್ಗುಲು ಬದಲಿಸಿ, ಹೊಸ ಹುರುಪಿನಿಂದ ಶುರುಮಾಡಿದರು.

"ಇದನ್ನ ಮೂವತ್ತು ದಿನದಲ್ಲೇ ತೀರ್ಮಾನ ಮಾಡಬೇಕು. ನಾಳೆ ಆರಕ್ಕೇ ಬಾಮ್ಮಾ," ಎಂದರು ಪೋಸ್ಟ್‌ಮಾಸ್ಟರ್. "ಏನಾದ್ರೂ ತಿಂದೇ ಬಾ."

"ಹನಿ ನೀರೂ ಕುಡೀಬೇಡ," ಎಂದರು ಟೈಲರಮ್ಮ.

ಅವಳ ಹೊಟ್ಟೆ ಗುರ್ರೆಂದಿತು. ಯಾರಿಗೂ ಕೇಳಿಸಲಿಲ್ಲ. ಅವರು ವಾದ ಮಾಡುತ್ತ ರಸ್ತೆ ದಾಟಿದ ಮೇಲೆ, ಅವಳು ಯಂತ್ರವನ್ನು ಕಾಲಿನಿಂದ ಮೆಲ್ಲಗೆ ಅಂಗಡಿಯವನ ಕಡೆಗೆ ಸರಿಸಿದಳು.

"ತಗೊಳ್ಳಿ. ನಮ್ಮವರು ತಗೊಂಡು ಹೋದಾಗ ಹೇಗಿತ್ತೋ ಹಾಗೇ ಇದೆ."